ನಾನು ಹೇಳಿದ್ದೆನಲ್ಲ, ತಾತ

ನಮ್ಮ ಮೊಮ್ಮಗಳು ಈಗ ಎಂಟನೇ ತರಗತಿ. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ. ನನ್ನ ಭುಜದ ಎತ್ತರಕ್ಕೆ ಬಂದಿದ್ದಾಳೆ, ಹೆಸರು ಮಾತ್ರ ಬದಲಾಗಿಲ್ಲ. ಎರಡು ಜಡೆ, ಕನ್ನಡಕ, ಒಂದು ಸೈಕಲ್ಲು, ಸಂಜೆಯಾದರೆ ಥ್ರೋಬಾಲ್. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಬಲಗಿವಿಯ ಹಿಂದೆ ಕೂದಲು ಸರಿಸಿದರೆ ಒಂದು ಸಣ್ಣ ಉಬ್ಬು ಕಾಣುತ್ತದೆ. ಅಲ್ಲಿಂದ ಶಾವಿಗೆ ಎಳೆಗಿಂತ ತುಸು ದಪ್ಪದ ನಳಿಕೆಯೊಂದು ಚರ್ಮದ ಅಡಿಯಲ್ಲೇ ಕತ್ತು, ಎದೆ ದಾಟಿ ಹೊಟ್ಟೆಯೊಳಗೆ ಹೋಗುತ್ತದೆ. ಇದಕ್ಕೆ ಷಂಟ್ ಎನ್ನುತ್ತಾರೆ.

ನನಗೆ ಎಪ್ಪತ್ತಾರು ವರ್ಷ. ಈ ಜನ್ಮದಲ್ಲಿ ಆಗಿರುವುದು ಒಂದೇ ಒಂದು ಆಪರೇಷನ್, ಅದೂ ಕಣ್ಣಿನ ಪೊರೆಯದು. ಅವಳಿಗೆ ಹದಿಮೂರು ವರ್ಷಕ್ಕೆ ಆರು. "ಆಸ್ಪತ್ರೆ ವಿಷಯದಲ್ಲಿ ನಾನೇ ಸೀನಿಯರ್ ತಾತ, ನೀವು ಇನ್ನೂ ಪ್ರೊಬೇಷನರಿ" ಎನ್ನುತ್ತಾಳೆ. ಪ್ರೊಬೇಷನರಿ ಎನ್ನುವ ಮಾತು ನನ್ನ ಬ್ಯಾಂಕಿನ ಕತೆ ಕೇಳಿ ಕೇಳಿ ಕಲಿತದ್ದು.

ಮಕ್ಕಳೇ, ನಿಮ್ಮ ಗಣಿತದ ಪುಸ್ತಕದಲ್ಲಿ ತೊಟ್ಟಿ-ನಲ್ಲಿ ಲೆಕ್ಕ ಬಂದಿರಬೇಕು. ಒಂದು ನಲ್ಲಿ ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ? ನಮ್ಮೆಲ್ಲರ ತಲೆಯೊಳಗೂ ಅಂಥದೇ ಒಂದು ಲೆಕ್ಕ ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಮಿದುಳಿನ ಒಳಗೆ ನಾಲ್ಕು ಕುಳಿಗಳಿವೆ. ಅವುಗಳಲ್ಲಿ ನೀರಿನಷ್ಟೇ ತಿಳಿಯಾದ ಒಂದು ದ್ರವ ಹುಟ್ಟುತ್ತದೆ. ಅದು ಮಿದುಳು, ಬೆನ್ನುಹುರಿಗಳ ಸುತ್ತ ಹರಿದು ಕೊನೆಗೆ ರಕ್ತಕ್ಕೆ ಸೇರಿಹೋಗುತ್ತದೆ. ದೊಡ್ಡವರಲ್ಲಿ ಯಾವುದೇ ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರ್. ದಿನವೊಂದಕ್ಕೆ ಹುಟ್ಟುವುದು ಸುಮಾರು 500. ಅಂದರೆ ದಿನಕ್ಕೆ ಮೂರು ಸಲ ಹಳೆಯದು ಹೋಗಿ ಹೊಸದು ಬರುತ್ತದೆ. ಗಂಟೆಗೆ ನಾಲ್ಕು ಚಹಾ ಚಮಚ. ಒಳಬಂದಷ್ಟು ಹೊರಹೋಗಬೇಕು, ನಮ್ಮ ಕ್ಯಾಷ್ ಕೌಂಟರಿನ ಹಾಗೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಒಳಗಿನ ನಲ್ಲಿ ಮಾತ್ರ ನಿಲ್ಲುವುದಿಲ್ಲ. ದ್ರವ ತುಂಬಿ ಮಿದುಳನ್ನು ಒತ್ತುತ್ತದೆ. ಇದೇ ಹೈಡ್ರೋಸೆಫಲಸ್, ನಮ್ಮ ಕಡೆ ತಲೆಯಲ್ಲಿ ನೀರು ತುಂಬುವುದು ಎನ್ನುತ್ತಾರೆ.

ಪುಟ್ಟಿ ಏಳು ತಿಂಗಳಿಗೇ ಹುಟ್ಟಿದವಳು. ಅಂಥ ಎಳೆಯ ಕೂಸುಗಳ ಮಿದುಳಿನ ರಕ್ತನಾಳಗಳು ಬಲು ನಾಜೂಕು. ಅವಳಿಗೆ ಒಳಗೆ ರಕ್ತ ಒಸರಿ ದಾರಿ ಕಟ್ಟಿತು. ನೆತ್ತಿ ಉಬ್ಬಿತು, ವಾರವಾರಕ್ಕೂ ತಲೆಯ ಸುತ್ತಳತೆ ಹೆಚ್ಚಿತು. ಮೂರು ತಿಂಗಳಿಗೆ ಮೊದಲ ಷಂಟ್ ಹಾಕಿದರು. ಐದನೇ ತಿಂಗಳಿಗೆ ಅದರಲ್ಲಿ ಸೋಂಕಾಯಿತು. ನಳಿಕೆ ತೆಗೆದು, ದ್ರವವನ್ನು ಹೊರಗಿನ ಒಂದು ಚೀಲಕ್ಕೆ ಇಳಿಬಿಟ್ಟು, ಸೋಂಕು ಹೋದ ಮೇಲೆ ಹೊಸದನ್ನು ಬಲಗಡೆ ಹಾಕಿದರು. ಅಲ್ಲಿಗೆ ಮೂರು ಸಲ ಕತ್ತರಿ ಆಡಿದ ಹಾಗಾಯಿತು, ಕೂಸಿಗಿನ್ನೂ ಹಲ್ಲು ಬಂದಿರಲಿಲ್ಲ. ಆ ಚೀಲದ ಅಳತೆಯನ್ನು ನರ್ಸ್ ಗಂಟೆ ಗಂಟೆಗೂ ಒಂದು ಹಾಳೆಯಲ್ಲಿ ಬರೆಯುತ್ತಿದ್ದರು. ಒಂದು ಅಂಕಿಯೂ ಬಿಟ್ಟುಹೋಗುತ್ತಿರಲಿಲ್ಲ. ನಾನು ಆ ಹಾಳೆಯನ್ನು ಬಹಳ ಗೌರವದಿಂದ ನೋಡುತ್ತಿದ್ದೆ.

ನಾಲ್ಕನೆಯದು ಆರನೇ ವರ್ಷಕ್ಕೆ. ಮಗು ಬೆಳೆಯಲಿ ಎಂದು ಹೊಟ್ಟೆಯೊಳಗೆ ನಳಿಕೆಯನ್ನು ಉದ್ದವಾಗಿ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಇವಳು ಅದನ್ನೂ ಮೀರಿ ಬೆಳೆದಿದ್ದಳು. "ಲಂಗ ಗಿಡ್ಡವಾದ ಹಾಗೆ ನಳಿಕೆಯೂ ಗಿಡ್ಡವಾಯಿತೇ?" ಎಂದು ಅವರಜ್ಜಿ ಕೇಳಿದ್ದಕ್ಕೆ ಡಾಕ್ಟರೂ ನಕ್ಕರು.

ಆಮೇಲೆ ನಾಲ್ಕು ವರ್ಷ ಏನೂ ಆಗಲಿಲ್ಲ. ನಾವು ಮರೆತೆವು. ಷಂಟ್ ಗುಣಪಡಿಸುವ ಔಷಧವಲ್ಲ, ಅದೊಂದು ಯಂತ್ರ. ಮಕ್ಕಳಿಗೆ ಹಾಕಿದ ಷಂಟ್‌ಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷದೊಳಗೇ ಕೆಟ್ಟು ಮತ್ತೆ ಸರಿಮಾಡಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳಿಸಿಕೊಂಡಿದ್ದೆ. ಆದರೆ ನಾಲ್ಕು ವರ್ಷ ಕರೆಂಟು ಹೋಗದ ಮನೆಯಲ್ಲಿ ಮೇಣದಬತ್ತಿ ಎಲ್ಲಿದೆ ಎಂದು ಯಾರಿಗೆ ನೆನಪಿರುತ್ತದೆ?

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಮಗ ಸೊಸೆ ಹಾಸನಕ್ಕೆ ಮದುವೆಗೆ ಹೋಗಿದ್ದರು. ತಿಪಟೂರಿನ ಮನೆಯಲ್ಲಿ ನಾನು, ನನ್ನಾಕೆ, ಪುಟ್ಟಿ ಮೂವರೇ. ಮರುದಿನ ಅವಳಿಗೆ ಗಣಿತದ ಪರೀಕ್ಷೆ. ಬೆಳಗ್ಗೆ ಆರು ಗಂಟೆಗೆ ನಾನು ಹಾಲು ತರಲು ಹೊರಟಿದ್ದಾಗ ಎದ್ದು ಬಂದು, "ತಾತ, ತಲೆ ನೋಯ್ತಿದೆ" ಅಂದಳು.

"ನಾಳೆ ಪರೀಕ್ಷೆ ಅಂದ್ರೆ ಇವತ್ತೇ ತಲೆನೋವು ಬರುತ್ತೆ, ಗೊತ್ತು ನಂಗೆ. ಮುಖ ತೊಳ್ಕೊಂಡು ಪುಸ್ತಕ ತಗೋ" ಅಂದೆ.

ಹಾಗಂದದ್ದಕ್ಕೆ ನನ್ನ ಬಳಿ ಆಧಾರವೂ ಇತ್ತು. ಹಿಂದಿನ ತಿಂಗಳು ಸಮಾಜ ವಿಜ್ಞಾನದ ಪರೀಕ್ಷೆಯ ದಿನವೂ ಅವಳಿಗೆ ಹೊಟ್ಟೆನೋವು ಬಂದಿತ್ತು; ಹತ್ತೂವರೆಗೆ ಶಾಲೆಯ ಬೆಲ್ಲು ಹೊಡೆದ ಮೇಲೆ ವಾಸಿಯಾಗಿತ್ತು. ಒಂಬತ್ತಕ್ಕೆ ತಿಂದ ಚಿತ್ರಾನ್ನ ವಾಂತಿ ಮಾಡಿದಳು. ಮಾವಿನಕಾಯಿ ಹುಳಿ ಜಾಸ್ತಿಯಾಗಿರಬೇಕು ಎಂದು ತೀರ್ಮಾನಿಸಿ ನಾನೇ ಜೀರಿಗೆ ಕಷಾಯ ಮಾಡಿಕೊಟ್ಟೆ. ಅದೂ ನಿಲ್ಲಲಿಲ್ಲ. ಹನ್ನೆರಡಕ್ಕೆ ಇನ್ನೊಮ್ಮೆ, "ತಾತ, ಇದು ತುಂಬಾ ನೋವು" ಅಂದಳು. "ಮಲಗು, ಹೋಗುತ್ತೆ" ಅಂದೆ. ಮಲಗಿದಳು. ಮಗು ನಿದ್ದೆ ಮಾಡಿತಲ್ಲ ಎಂದು ಸಮಾಧಾನಪಟ್ಟು ನಾನೂ ಪೇಪರ್ ಹಿಡಿದು ಕೂತೆ.

ಮೂರೂವರೆಗೆ ನನ್ನಾಕೆ ಎಬ್ಬಿಸಲು ಹೋದಳು. ಪುಟ್ಟಿ ಕಣ್ಣು ಬಿಟ್ಟಳು, ಏನೋ ತೊದಲಿದಳು, ಮತ್ತೆ ಮುಚ್ಚಿದಳು. ಕೂರಿಸಿದರೆ ತಲೆ ಒಂದು ಕಡೆ ವಾಲಿತು. ನನ್ನಾಕೆ ಏಳನೇ ಕ್ಲಾಸು ಓದಿದವಳು. ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು: "ರೀ, ಇದು ನಿದ್ದೆ ಅಲ್ಲ."

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಗುಬ್ಬಿ, ತುಮಕೂರು, ನೆಲಮಂಗಲ. ಆ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದೇನೆ, ಅಷ್ಟು ಉದ್ದವಿದೆ ಎಂದು ಗೊತ್ತಿರಲಿಲ್ಲ. ಟೋಲಿನಲ್ಲಿ ಮುಂದಿದ್ದ ಲಾರಿಯವನು ಚಿಲ್ಲರೆಗೆ ಹುಡುಕುತ್ತಿದ್ದಾಗ ನಾನು ಕೆಳಗಿಳಿದು ಅವನ ದುಡ್ಡನ್ನೂ ಕೊಟ್ಟೆ. ಬೆಂಗಳೂರಿನ ಆಸ್ಪತ್ರೆ ಸೇರಿದಾಗ ಏಳು ದಾಟಿತ್ತು.

ಚಿಕ್ಕ ವಯಸ್ಸಿನ ಡಾಕ್ಟರು ಟಾರ್ಚು ಹಾಕಿ ಕಣ್ಣು ನೋಡುತ್ತಾ ಕೇಳಿದರು: "ತಲೆನೋವು ಯಾವಾಗ ಶುರುವಾಯ್ತು ಯಜಮಾನ್ರೇ?"

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ವೋಚರಿನ ಮೇಲೂ ತಾರೀಖು ತಪ್ಪು ಹಾಕಿದವನಲ್ಲ. ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಹತ್ತರವರೆಗೂ ಕೂತು ಹುಡುಕಿದವನು. "ಬೆಳಗ್ಗೆ ಆರು ಗಂಟೆಗೆ" ಎಂದು ಹೇಳಬೇಕಾಯಿತು. ಅವರು ಗೋಡೆಯ ಗಡಿಯಾರ ನೋಡಿದರು, ಬರೆದುಕೊಂಡರು. ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಿ.ಟಿ. ಸ್ಕ್ಯಾನಿನಲ್ಲಿ ಕುಳಿಗಳು ಹಿಗ್ಗಿದ್ದವು. ನಳಿಕೆಯ ಮೇಲಿನ ತುದಿ ಕಟ್ಟಿಕೊಂಡಿತ್ತು. ರಾತ್ರಿ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಮಗ ಸೊಸೆ ಹಾಸನದಿಂದ ನೇರ ಅಲ್ಲಿಗೇ ಬಂದರು. ಸೊಸೆ ರೇಷ್ಮೆ ಸೀರೆಯಲ್ಲೇ ಇದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ, ಕಷಾಯದ ವಿಷಯವನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ನೀವು ಏನಾದ್ರೂ ತಿಂದ್ರಾ?" ಎಂದು ಕೇಳಿದಳು. ನನಗೆ ಉತ್ತರ ಹೇಳಲು ಆಗಲಿಲ್ಲ.

ಮರುದಿನ ಮಧ್ಯಾಹ್ನ ಪುಟ್ಟಿ ಪೂರ್ತಿ ಎಚ್ಚರಾದಳು. ತಲೆಗೆ ಪಟ್ಟಿ, ಅರ್ಧ ತಲೆ ಬೋಳು. ನನ್ನನ್ನು ನೋಡಿ ಕೋಪವೇನೂ ಇಲ್ಲದೆ ಹೇಳಿದಳು: "ನಾನು ಹೇಳಿದ್ದೆನಲ್ಲ, ತಾತ."

ಆ ವಾರ ವಾರ್ಡಿನಲ್ಲಿ ನನಗೆ ಇನ್ನೊಂದು ವಿದ್ಯೆಯಾಯಿತು. ಸೊಸೆ ಅವಳಿಗೆ 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' ಓದಿ ಹೇಳುತ್ತಿದ್ದಳು. ರೌಂಡ್ಸಿಗೆ ಬಂದ ಅದೇ ಚಿಕ್ಕ ಡಾಕ್ಟರು ಪುಸ್ತಕ ನೋಡಿ, "ಇದನ್ನ ಬರೆದವರೂ ಒಂದು ಷಂಟ್ ಮಾಡಿಸಿದ್ದರು ಗೊತ್ತಾ?" ಎಂದರು. ಪುಟ್ಟಿ ನಂಬಲಿಲ್ಲ. ನಾನೂ ನಂಬಲಿಲ್ಲ. ಆಮೇಲೆ ಮಗನಿಂದ ಹುಡುಕಿಸಿ ಓದಿದೆ. ಮಾತು ನಿಜ.

ಆ ಲೇಖಕರು ರೋಲ್ಡ್ ಡಾಲ್. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಅವರ ನಾಲ್ಕು ತಿಂಗಳ ಮಗ ಥಿಯೋ ಮಲಗಿದ್ದ ತಳ್ಳುಗಾಡಿಗೆ ಟ್ಯಾಕ್ಸಿ ಡಿಕ್ಕಿ ಹೊಡೆಯಿತು. ಮಗುವಿನ ತಲೆಗೆ ಪೆಟ್ಟಾಗಿ ಅದಕ್ಕೂ ಇದೇ ತೊಂದರೆ ಬಂತು. ಷಂಟ್ ಹಾಕಿದರು, ಅದು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು, ಪ್ರತಿ ಸಲವೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಡಾಲ್ ಅವರಿಗೆ ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರ್ ಪರಿಚಯ. ಆಟಿಕೆ ವಿಮಾನಗಳ ಎಂಜಿನ್ನಿಗೆ ಎಣ್ಣೆ ಹೋಗುವ ಪುಟ್ಟ ಪಂಪುಗಳನ್ನು ಮಾಡುವುದರಲ್ಲಿ ಆತ ನಿಪುಣ. ಅಷ್ಟು ಸಣ್ಣ ದಾರಿ ಕಟ್ಟಿಕೊಳ್ಳದ ಹಾಗೆ ಮಾಡಬಲ್ಲವನು ತಲೆಗೂ ಒಂದು ವಾಲ್ವ್ ಮಾಡಬಹುದಲ್ಲ ಎಂದು ಅಪ್ಪನಿಗೆ ಹೊಳೆಯಿತು. ಲಂಡನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಕೆನೆತ್ ಟಿಲ್ ಜೊತೆಗೂಡಿದರು. 1962ರ ಹೊತ್ತಿಗೆ ಮೂವರ ಹೆಸರಿನ ವೇಡ್-ಡಾಲ್-ಟಿಲ್ ವಾಲ್ವ್ ಸಿದ್ಧವಾಯಿತು. ಅಷ್ಟರಲ್ಲಿ ಥಿಯೋ ಚೇತರಿಸಿಕೊಂಡಿದ್ದ, ಅವನಿಗೆ ಅದು ಬೇಕಾಗಲೇ ಇಲ್ಲ! ಆದರೆ ಬೇರೆ ಬೇರೆ ದೇಶಗಳ ಎರಡು ಮೂರು ಸಾವಿರ ಮಕ್ಕಳಿಗೆ ಬೇಕಾಯಿತು. ಮೂವರೂ ಅದರಿಂದ ಲಾಭ ತೆಗೆದುಕೊಳ್ಳಬಾರದೆಂದು ಮೊದಲೇ ಒಪ್ಪಿಕೊಂಡಿದ್ದರು.

ಥಿಯೋಗೆ ಮೊದಲು ಹಾಕಿದ್ದ ವಾಲ್ವ್ ಕೂಡ ಒಬ್ಬ ಅಪ್ಪ ಮಾಡಿದ್ದೇ. ಅಮೆರಿಕದಲ್ಲಿ ಬೀಗದ ಕಂಪೆನಿಯೊಂದರ ಕುಶಲಕರ್ಮಿಯಾಗಿದ್ದ ಜಾನ್ ಹೋಲ್ಟರ್. 1955ರಲ್ಲಿ ಹುಟ್ಟಿದ ಅವನ ಮಗನಿಗೆ ಹೈಡ್ರೋಸೆಫಲಸ್. ಆಸ್ಪತ್ರೆಯಲ್ಲಿ ನರ್ಸೊಬ್ಬರು ರಬ್ಬರಿನ ಮೂಲಕ ಸೂಜಿ ಚುಚ್ಚಿ ತೆಗೆದರೂ ಅಲ್ಲಿಂದ ಒಂದು ಹನಿಯೂ ಸೋರದಿರುವುದನ್ನು ಅವನು ಗಮನಿಸಿದನಂತೆ. ಒತ್ತಡ ಬಂದಾಗ ತೆರೆದುಕೊಂಡು, ಇಲ್ಲದಾಗ ತಾನೇ ಮುಚ್ಚಿಕೊಳ್ಳುವ ಸೀಳು! ಮನೆಯ ಕಾರ್ಖಾನೆಯಲ್ಲಿ ಕೂತು ಅಂಥದೊಂದನ್ನು ಮಾಡಿದ. ಡಾಕ್ಟರ್ ಯೂಜೀನ್ ಸ್ಪಿಟ್ಜ್ 1956ರಲ್ಲಿ ಅದನ್ನು ಮಕ್ಕಳಿಗೆ ಹಾಕಲು ಶುರುಮಾಡಿದರು. ಹೋಲ್ಟರನ ಮಗ ದೊಡ್ಡವನಾಗುವವರೆಗೆ ಉಳಿಯಲಿಲ್ಲ. ಅಪ್ಪ ವಾಲ್ವ್ ಮಾಡುವುದನ್ನು ನಿಲ್ಲಿಸಲಿಲ್ಲ.

ಇದನ್ನೆಲ್ಲ ಹೇಳಿದಾಗ ಪುಟ್ಟಿ ಕೇಳಿದ ಪ್ರಶ್ನೆ: "ನಂದು ಯಾರು ಮಾಡಿದ್ದು?" ಡಿಸ್ಚಾರ್ಜ್ ಬಿಲ್ಲು ತೆಗೆದು ನೋಡಿದೆ. ಬಿಲ್ಲನ್ನು ಸಾಲು ಸಾಲಾಗಿ ಓದುವ ಚಟ ನನಗಿದೆ. ಅವಳದು ಛಾಬ್ರಾ ಷಂಟ್. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾದದ್ದು. ನಮ್ಮ ದೇಶದ್ದು, ಅಗ್ಗದ್ದು, ಹೇಗಿದೆಯೋ ಎಂದು ನನಗೊಂದು ಅಳುಕು ಬಂದದ್ದು ನಿಜ. ಡಾಕ್ಟರನ್ನು ಕೇಳಿದೆ. ಅವರು ಆಫ್ರಿಕಾದ ಉಗಾಂಡದಲ್ಲಿ 195 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ತೋರಿಸಿದರು, 2005ರಲ್ಲಿ ಪ್ರಕಟವಾದದ್ದು. ಕೆಲವು ಮಕ್ಕಳಿಗೆ ಸುಮಾರು 650 ಡಾಲರಿನ ವಿದೇಶಿ ಷಂಟ್, ಕೆಲವರಿಗೆ ಸುಮಾರು 35 ಡಾಲರಿನ ನಮ್ಮ ಛಾಬ್ರಾ. ಒಂದು ವರ್ಷ ಕಳೆದ ಮೇಲೆ ಎರಡೂ ಒಂದೇ ಥರ! ಆ ದಿನ ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದ ಎಲ್ಲ ಅಜ್ಜ ಅಜ್ಜಿಯರಿಗೂ ಇದನ್ನು ಹೇಳಿ ಬಂದೆ.

ಮನೆಗೆ ಬಂದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಖು, ಹೊತ್ತು, ಪುಟ್ಟಿ ಹೇಳಿದ್ದು, ನಾವು ಮಾಡಿದ್ದು. ನಾಲ್ಕು ಕಾಲಂ. ಮೊದಲ ಪುಟದಲ್ಲಿ ಡಾಕ್ಟರು ಹೇಳಿದ ಲಕ್ಷಣಗಳು: ಬಿಡದ ತಲೆನೋವು, ಅದರಲ್ಲೂ ಬೆಳಗ್ಗೆ ಎದ್ದಾಗ, ವಾಂತಿ, ಎಬ್ಬಿಸಿದರೂ ಏಳದ ಮಂಪರು, ನೋಟದಲ್ಲಿ ವ್ಯತ್ಯಾಸ, ಕಾರಣವಿಲ್ಲದ ಜ್ವರ, ನಳಿಕೆಯ ದಾರಿಯಲ್ಲಿ ಕೆಂಪು, ಊತ. ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ಜೊತೆಗೆ ಒಂದು ಫೈಲು. ಅದರಲ್ಲಿ ಷಂಟಿನ ಹೆಸರು, ಆಪರೇಷನ್ನಿನ ತಾರೀಖುಗಳು, ಅವಳು ಚೆನ್ನಾಗಿದ್ದಾಗ ತೆಗೆದ ಸ್ಕ್ಯಾನು. ಈ ಕೊನೆಯದು ಬಹಳ ಮುಖ್ಯ. ಇವಳ ಕುಳಿಗಳು ಮಾಮೂಲಿಯಾಗಿ ಎಷ್ಟಿರುತ್ತವೆ ಎಂದು ಗೊತ್ತಿದ್ದರೆ ತಾನೇ ಹಿಗ್ಗಿವೆಯೋ ಇಲ್ಲವೋ ಹೇಳಲು ಸಾಧ್ಯ?

ಐದು ವಾರ ಕಳೆದಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಯಾರೋ ನನ್ನ ಕಾಲಿನ ಹೆಬ್ಬೆರಳು ಅಲ್ಲಾಡಿಸಿದರು. ಪುಟ್ಟಿ. "ತಾತ, ಆ ನೋವು" ಅಂದಳು, ಅಷ್ಟೆ. ಅಪ್ಪ ಅಮ್ಮನನ್ನು ಬಿಟ್ಟು ನನ್ನನ್ನೇ ಯಾಕೆ ಎಬ್ಬಿಸಿದಳೋ! ನಾನೂ ಏನೂ ಕೇಳದೆ ಎದ್ದು ಅಂಗಿ ಹಾಕಿಕೊಂಡೆ. ಏಳೂವರೆಗೆ ಆಸ್ಪತ್ರೆಯಲ್ಲಿದ್ದೆವು. ಈ ಸಲ ವಾಲ್ವ್ ಕಟ್ಟಿತ್ತು. ಅವಳು ನಡೆದುಕೊಂಡೇ ಒಳಗೆ ಹೋದಳು, ಅರಿವಳಿಕೆ ಕೊಡುವವರ ಹತ್ತಿರ ಮಾತಾಡುತ್ತಾ. ಅರ್ಧ ಬೆಳೆದಿದ್ದ ಕೂದಲು ಮತ್ತೆ ಹೋಯಿತೆಂಬ ಒಂದೇ ಬೇಜಾರು. ಅದಕ್ಕೆ ಮಾತ್ರ ಚೆನ್ನಾಗಿ ಅತ್ತಳು. ಹೊಲಿಗೆಗೆ ಅಳಲಿಲ್ಲ. ಧೈರ್ಯವಂತೆ ಎಂದು ಬಂದವರೆಲ್ಲ ಹೊಗಳಿದರು. ಅವರು ಹೋದ ಮೇಲೆ, "ಧೈರ್ಯ ಅಲ್ಲ ತಾತ, ನಂಗೆ ಮುಂದೇನಾಗುತ್ತೆ ಅಂತ ಗೊತ್ತು, ಅಷ್ಟೆ" ಅಂದಳು.

ಶಾಲೆಗೆ ಮರಳಿದಾಗ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಮಕ್ಕಳು ಮುತ್ತಿಕೊಂಡರಂತೆ. ಇವಳು ಬಟ್ಟೆ ಬಿಚ್ಚಿ ತೋರಿಸಿ, ತೊಟ್ಟಿ-ನಲ್ಲಿ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದಳಂತೆ. ಈಗಲೂ ಕೇಳಿದವರಿಗೆ ಉಬ್ಬು ನೋಡಲು ಬಿಡುತ್ತಾಳೆ, ಒತ್ತಲು ಬಿಡುವುದಿಲ್ಲ. ಸೈಕಲ್ ಹೊಡೆಯುತ್ತಾಳೆ. ಕಬಡ್ಡಿಯೊಂದು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಅದರ ಮೇಲೆ ಅವಳಿಗೆ ಇನ್ನೂ ತಕರಾರಿದೆ.

ನನಗೆ ಮಾತ್ರ ಎದೆ ಹಗುರವಾಗಲು ಬಹಳ ದಿನ ಹಿಡಿಯಿತು. ಅವಳು ಹಣೆ ಮುಟ್ಟಿಕೊಂಡರೆ ಕಾರಿಗೆ ಫೋನು ಮಾಡುತ್ತಿದ್ದೆ. ಹಾಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆವು. ಒಂದು ನೆಗಡಿ, ಇನ್ನೊಂದಕ್ಕೆ ಬೇಕಾಗಿದ್ದದ್ದು ಕನ್ನಡಕ. ಡಾಕ್ಟರು ಬೇಸರಿಸಲಿಲ್ಲ, ಸುಮ್ಮನೆ ಬಂದು ಹೋದರೂ ಪರವಾಗಿಲ್ಲ ಎಂದರು. ಬೇಸರಿಸಿದವಳು ಪುಟ್ಟಿ. "ಇದು ಮಾಮೂಲಿ ನೋವು ತಾತ, ಆ ನೋವು ಬೇರೆ. ನಂಗೆ ಗೊತ್ತಾಗುತ್ತೆ." ಈಗ ನೋಟ್‌ಬುಕ್ ಅವಳ ವಶದಲ್ಲಿದೆ, ಮೂರನೆಯ ಕಾಲಂ ಅವಳೇ ಬರೆಯುತ್ತಾಳೆ. ಹೋದ ವರ್ಷದ ಒಂದು ಸಾಲು: "ತಲೆನೋವು. (ಸುಳ್ಳು. ಹಿಂದಿ ಟೆಸ್ಟ್. ಸಾರಿ.)" ಅದರ ಮುಂದೆ 'ನಾವು ಮಾಡಿದ್ದು' ಕಾಲಮ್ಮಿನಲ್ಲಿ ಅವರಮ್ಮ ಏನು ಬರೆದಿದ್ದಾಳೆಂಬುದನ್ನು ಇಲ್ಲಿ ಹೇಳುವಂತಿಲ್ಲ.

ನನ್ನ ಓರಗೆಯವರಿಗೂ ಒಂದು ಮಾತು. ಈ ತೊಂದರೆ ಮಕ್ಕಳಿಗೆ ಮಾತ್ರ ಬರುವುದಲ್ಲ. ನನ್ನ ಜೊತೆ ಹೆಡ್ ಕ್ಯಾಷಿಯರ್ ಆಗಿದ್ದವರೊಬ್ಬರು ಎರಡು ವರ್ಷದಿಂದ ಪಾದ ನೆಲಕ್ಕೆ ಅಂಟಿದ ಹಾಗೆ ಎಳೆದು ನಡೆಯುತ್ತಿದ್ದರು. ಮರೆವು ಬಂತು, ಮೂತ್ರದ ಹಿಡಿತ ತಪ್ಪಿತು. ವಯಸ್ಸಾಯಿತಲ್ಲ ಎಂದು ಮನೆಯವರೂ ಅಂದರು, ಅವರೂ ಅಂದುಕೊಂಡರು. ಈ ಮೂರೂ ಒಟ್ಟಿಗೆ ಬಂದರೆ ತಲೆಯೊಳಗಿನ ದ್ರವದ ಲೆಕ್ಕ ತಪ್ಪಿರಬಹುದು ಎಂದು ಕೊಲಂಬಿಯಾದ ಸಲೊಮೋನ್ ಹಕೀಮ್ ಎಂಬ ವೈದ್ಯರು 1965ರಲ್ಲೇ ತೋರಿಸಿಕೊಟ್ಟಿದ್ದಾರೆ. ಪುಟ್ಟಿಯ ವಿಷಯ ಗೊತ್ತಿದ್ದರಿಂದ ನಾನು ಒತ್ತಾಯಿಸಿ ತೋರಿಸಲು ಕಳಿಸಿದೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವರಿಗೂ ಷಂಟ್ ಬಿತ್ತು. ಮರೆವು ಪೂರ್ತಿ ಹೋಗಿಲ್ಲ, ಆದರೆ ಪೆನ್ಷನ್ ದಿನ ಕೋಲಿಲ್ಲದೆ ಬ್ಯಾಂಕಿಗೆ ಬರುತ್ತಾರೆ. ಎಲ್ಲರ ಮರೆವೂ ಇದರಿಂದಲೇ ಅಲ್ಲ. ತೋರಿಸಿ ನೋಡುವುದರಲ್ಲಿ ತಪ್ಪಿಲ್ಲ.

ಏಳನೆಯದು ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿದ್ದೆವು. ಬರಬಹುದು, ನಾಳೆಯೂ ಬರಬಹುದು, ಇಪ್ಪತ್ತು ವರ್ಷ ಬರದೆಯೂ ಇರಬಹುದು ಎಂದರು. ಪುಟ್ಟಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ವಾಪಸ್ಸು ಬರುವಾಗ ನೆಲಮಂಗಲದಲ್ಲಿ ಮಸಾಲೆ ದೋಸೆ ಬೇಕು ಎಂದಳು, ತಿಂದಳು.

ಹೋದ ಶನಿವಾರ ಅವರ ಶಾಲೆಯಿಂದ ಬೇಲೂರು ಹಳೇಬೀಡಿಗೆ ಒಂದು ದಿನದ ಪ್ರವಾಸ. ಬೇಡವೆನ್ನಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ನೋಟ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಮಾಡಿಸಿ, ಡಾಕ್ಟರ ನಂಬರು, ಅವರಪ್ಪನ ನಂಬರು, ನನ್ನ ನಂಬರು ಬರೆದು ಟೀಚರಿಗೆ ಕೊಟ್ಟಾಗಿತ್ತು. "ಇವಳು ತಲೆನೋವು ಅಂದರೆ ನಂಬಿ" ಎಂದು ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಬೆಳಗ್ಗೆ ಐದಕ್ಕೆ ಬಸ್ಸು. ಪುಳಿಯೋಗರೆ ಡಬ್ಬಿ ಹಿಡಿದು ಕಿಟಕಿ ಪಕ್ಕದ ಸೀಟಿಗಾಗಿ ಗೆಳತಿಯ ಜೊತೆ ಜಗಳಾಡುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸು ಹೊರಟ ಮೇಲೆ ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ.